ಎಂಟನೆಯ ಪ್ರತಿ

ಹಳಿಯಾಳದ ಮೊದಲ ಬಸ್ಸಿಗೆ ಬಂದವಳು
ಸ್ಟುಡಿಯೋ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.
ಹಾಕ್ಕೊಂಡೇ ಬಾ ಅಂದೆ. ಕೇಳಲಿಲ್ಲ.
ಹೆಸರು? ಕೊನ್ಸು. ಪೂರ್ತಿ?
ಕೊನ್ಸು ಕೈತಾನ ಸಿದ್ದಿ, ಸಾಂಬ್ರಾಣಿ.
ಮಸ್ಕತ್ತಿನಲ್ಲಿ ಆಸ್ಪತ್ರೆಯ ನೆಲ ಒರೆಸುವ ಕಂಪನಿ,
ಎರಡು ವರ್ಷದ ಕರಾರು.
ಏಜೆಂಟ್ ಹೇಳಿದ್ದಾನೆ: ಬಿಳಿ ಹಿನ್ನೆಲೆ,
ಕಿವಿ ಕಾಣಬೇಕು, ನಗಬಾರದು.

ನಗಬಾರದು ಅಂದಕೂಡಲೇ ನಗು.
ಮೂರು ಸಲ ತೆಗೆದೆ, ಮೂರು ಸಲವೂ ಹಲ್ಲು.
ನಾಲ್ಕನೆಯದಕ್ಕೆ ಕೆಳತುಟಿ ಒಳಗೆಳೆದು ಹಿಡಿದಳು,
ಬಿಸಿ ಪಾತ್ರೆಯನ್ನು ಸೆರಗಲ್ಲಿ ಹಿಡಿದ ಹಾಗೆ.

ಕಂಪ್ಯೂಟರಿನಲ್ಲಿ ಕೈ ತಾನಾಗಿ ಹೋಯಿತು ಅಲ್ಲಿಗೆ,
ಇಪ್ಪತ್ತೆರಡು ವರ್ಷದ ಅಭ್ಯಾಸ:
ಮದುಮಕ್ಕಳು, ಮೀನುಗಾರರ ಸೊಸೈಟಿ ಅಧ್ಯಕ್ಷ,
ಎಸ್ಸೆಸ್ಸೆಲ್ಸಿ ಹುಡುಗಿಯರು,
ಎಲ್ಲರನ್ನೂ ಒಂದೆರಡು ಗೆರೆ ಬೆಳ್ಳಗೆ ಮಾಡಿಯೇ ಕಳಿಸಿದವನು.
ಯಾರೂ ಬೇಡ ಅಂದಿರಲಿಲ್ಲ.

"ಬ್ಯಾಡ್ರಿ ಅಣ್ಣಾ," ಹಿಂದಿನಿಂದ ಅವಳು,
"ಗೇಟಿನ್ಯಾಗ ಇದು ನೀನಲ್ಲ ಅಂದ್ರ
ವಾಪಸ್ ಬರೋ ಚಾರ್ಜು ನೀವು ಕೊಡ್ತೀರೇನು?"

ಯಾವ ದೇಶ ಎಂದಿದ್ದನಂತೆ ಪಾಸ್‌ಪೋರ್ಟ್ ಕೌಂಟರಿನವನು,
ಹೊಸದಾಗಿ ವರ್ಗವಾಗಿ ಬಂದವನು.
ರೇಶನ್ ಕಾರ್ಡು, ಓಟಿನ ಚೀಟಿ, ಜಾತಿ ಸರ್ಟಿಫಿಕೇಟು
ಇಸ್ಪೀಟೆಲೆ ಇಟ್ಟಂತೆ ಒಂದೊಂದೇ ಇಟ್ಟಳಂತೆ.
ಅದರ ಮೇಲಿನ ಕನ್ನಡ ಅವನಿಗೆ ಬಾರದು.
ಇವಳೇ ಓದಿ ಹೇಳಿದಳಂತೆ, ತಾನು ಯಾರೆಂದು.

ಎಂಟು ಪ್ರತಿಯಲ್ಲಿ ಏಳು ಒಯ್ದಳು.
"ಒಂದು ಇಲ್ಲೇ ಇರ್ಲಿ." ಯಾಕೆಂದು ಹೇಳಲಿಲ್ಲ.
ಮೇಜಿನ ಗಾಜಿನಡಿಗೆ ಸೇರಿಸಿದೆ,
ಕರೆಂಟು ಬಿಲ್ಲಿನ ಪಕ್ಕ.

ನನ್ನ ಅಂಗಡಿಯಿಂದ ಸಮುದ್ರ ಕಾಣುವುದಿಲ್ಲ ಈಗ,
ಎದುರಿಗೆ ಮೊಬೈಲ್ ಅಂಗಡಿ ಎದ್ದಿದೆ.
ಅವಳ ದನಿ ಬಂದದ್ದು ವಾಟ್ಸಾಪಿನಲ್ಲಿ, ಆರು ತಿಂಗಳ ಮೇಲೆ:

"ಅಣ್ಣಾ, ಇಲ್ಲಿ ಪಗಾರ ದೇಶ ನೋಡಿ ಕೊಡ್ತಾರ.
ಫಿಲಿಪೀನ್ಸಿನವ್ರಿಗೆ ಒಂದು, ಇಂಡಿಯಾದವ್ರಿಗೆ ಒಂದು,
ಆಫ್ರಿಕಾದವ್ರಿಗೆ ಅದಕ್ಕೂ ಕಡಿಮಿ.
ಮಾರಿ ನೋಡಿ ನನ್ನ ಕಡೀ ಸಾಲಿಗೆ ಬರದ್ರು.
ಮೂರು ತಿಂಗಳು ಜಗಳಾಡಿದೆ, ಪಾಸ್‌ಪೋರ್ಟ್ ಹಿಡಕೊಂಡು.
ಹದಿನೈದು ರಿಯಾಲ್ ಜಾಸ್ತಿ ಕೊಟ್ರು.
ಕೊಟ್ಟ ದಿನ ಊಟ ಸೇರಲಿಲ್ಲ.
ಬಾಜೂ ಮಂಚದ ಮ್ಯಾಲ ನನ್ಸುಬುಗ, ಯುಗಾಂಡದಾಕಿ,
ಅದ ನೆಲ, ಅದ ಬಕೀಟು,
ಆಕಿದು ಅಷ್ಟ ಉಳೀತು."

ನಡುವೆ ಯಾರೋ ಕರೆದರು. ನಿಂತು ಮತ್ತೆ:

"ಆಕಿ ನನ್ನ ತಲಿ ಬಾಚ್ತಾಳ.
ಹಾಸ್ಟೆಲಿನ್ಯಾಗ ನಾಕು ಹಣಿಗಿ ಮುರದೀನಿ ನಾನು,
ವಾರ್ಡನ್ ಬೈಯೂದು ಕೂದಲಕ, ನಾ ಅಳೂದು.
ಆಕಿ ಬೆರಳಿಗೆ ದಾರಿ ಗೊತ್ತದ ಅಣ್ಣಾ.
ಹೆಣಿಯೂವಾಗೆಲ್ಲ ಕೇಳ್ತಾಳ, ನೀ ಎಲ್ಲಿಯಾಕಿ?
ಕಾರವಾರ ಅಂತೀನಿ. ಅದಕ್ಕಿಂತ ಮೊದಲು? ಹಳಿಯಾಳ.
ಅದಕ್ಕಿಂತ ಮೊದಲು?
ಸಾಂಬ್ರಾಣಿ ಅಂತೀನಿ. ಮುಂದ ಮಾತಿಲ್ಲ.
ಇಲ್ಲಿ ಓಣಿ ಓಣಿಗೂ ಧೂಪ ಹಾಕ್ತಾರ.
ಸಂಜೀಕ ಮೂಗಿಗೆ ಬಡೀತದ
ನಮ್ಮೂರ ಹೆಸರು."

ಜೊತೆಗೊಂದು ಫೋಟೋ. ದೊಡ್ಡದು ಮಾಡಿ
ಹಳಿಯಾಳದ ಕಂಡಕ್ಟರ್ ಕೈಲಿ ಅವ್ವನಿಗೆ ಕಳಿಸಬೇಕು,
ದುಡ್ಡು ಅವ್ವನ ಹತ್ತಿರ ಇಸಕೊಳ್ಳಬೇಕು.

ಇಬ್ಬರು ಹೆಂಗಸರು, ಒಂದೇ ನೀಲಿ ಅಂಗಿ,
ತಲೆಗೆ ಒತ್ತಿ ಹೆಣೆದ ಸಣ್ಣ ಸಣ್ಣ ಜಡೆ.
ಇದರಲ್ಲಿ ಕೊನ್ಸು ಯಾರು?
ಗೊತ್ತಾಗಲಿಲ್ಲ. ಒಪ್ಪಿಕೊಳ್ಳುತ್ತೇನೆ.
ಮುಖ ನೋಡುವುದೇ ಕಸುಬಾದ ನಾನು
ಗಾಜಿನಡಿಯ ಪ್ರತಿ ತೆಗೆದು ಪಕ್ಕದಲ್ಲಿಟ್ಟೆ.

ಬಲಗಡೆಯವಳು ಬಾಯ್ತುಂಬ ನಗುತ್ತಿದ್ದಾಳೆ.
ಎಡಗಡೆಯವಳು ಕೆಳತುಟಿ ಒಳಗೆಳೆದು ಹಿಡಿದಿದ್ದಾಳೆ ಇನ್ನೂ,
ಯಾರೋ ನಗಬೇಡ ಅಂದಿದ್ದಾರೆ ಎಂಬಂತೆ.

ಪ್ರಿಂಟರ್ ಕಪ್ಪು ಶಾಯಿ ಮುಗಿಯುತ್ತ ಬಂತು ಅಂದಿತು.
ಅದರಲ್ಲೇ ಹೇಗೋ ಒಂದು ತೆಗೆಯಬಹುದಿತ್ತು.
ಬಾಗಿಲು ಎಳೆದುಕೊಂಡು
ಹೊಸದು ತರಲು ಹೋದೆ.